ತೋರುಬೆರಳು

ಮೊದಲ ವರ್ಷ ಮುಟ್ಟುವಂತಿಲ್ಲ, ಕೊನೆಯ ವರ್ಷವೂ ಇಲ್ಲ.
ನಡುವಿನ ಎರಡೇ ವರ್ಷ ನಮ್ಮದು.
ಹಸುಗೂಸಿಗೂ ಸಾಯುವವನಿಗೂ ಕೊಡುವ ಮರ್ಯಾದೆ ಇದು
ಅಂದ ವಕೀಲ, ಇಪ್ಪತ್ತು ಸೋಲ್ ಎಣಿಸಿಕೊಂಡು.

ಲೀಮಾದಿಂದ ಬಂತು ಅರ್ಜಿಯ ಕಟ್ಟು.
ಮೇಯರನ್ನು ಇಳಿಸುವ ಹಾಳೆಗೂ ಬೆಲೆ ಇದೆ.
ಎರಡು ಕುರಿ ಮಾರಿದೆ.
ಸಾಲಿಗೊಂದು ಹೆಸರು, ಗುರುತಿನ ನಂಬರು, ರುಜು,
ಕೊನೆಯ ಚೌಕದಲ್ಲಿ ಬಲಗೈ ತೋರುಬೆರಳು.
ಹೆಬ್ಬೆಟ್ಟಲ್ಲ. ತೋರುವ ಬೆರಳೇ ಬೇಕಂತೆ.

ಕಾರಣ ಬರೆಯಬೇಕು, ಸಾಬೀತು ಮಾಡಬೇಕಿಲ್ಲ:
ರುಜು ಸಾಕು, ರುಜುವಾತು ಬೇಡ.
ಇದನ್ನು ಓದಿ ಹೇಳಿದಾಗ ಎಲ್ಲರೂ ನಕ್ಕರು.
ನಾನೂ ನಕ್ಕೆ,
ಆಮೇಲೆ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಯಾಕೆಂದರೆ ಫೋರ್ತುನಾತೊ ವಿಲ್ಕಾಪೋಮ
ನನ್ನ ನೆಲಿಡಾಳ ಮೊದಲ ಕೂದಲು ಕತ್ತರಿಸಿದವನು.
ರಿಬ್ಬನ್ ಕಟ್ಟಿದ ಕತ್ತರಿ, ತಟ್ಟೆಯಲ್ಲಿ ಒಂದೊಂದೇ ಜಡೆ,
ಉಡುಗೊರೆಗೆ ಒಂದು ಹೆಣ್ಣು ಕುರಿಮರಿ.
ಅಂದಿನಿಂದ ಅವನು ಕೊಂಪಾದ್ರೆ, ನಾನು ಕೊಮಾದ್ರೆ,
ಬೀಗರಿಗಿಂತ ಬಿಗಿ.
ಆ ಮರಿ ಬೆಳೆದು ಮೂರು ಸಲ ಈಯಿತು.
ನಾನು ಮಾರಿದ್ದು
ಅದರ ಮರಿಗಳನ್ನೇ.

ಆದರೆ ಚಕಿಮಾರ್ಕದ ಮನೆಗಳಿಗೆ ನಲ್ಲಿ ಇಲ್ಲ,
ಚೌಕಕ್ಕೆ ಕಾರಂಜಿ ಬಂತು.
ಜೂನ್ ತಿಂಗಳ ಮೊದಲ ರಾತ್ರಿಯೇ ಹೆಪ್ಪುಗಟ್ಟಿ
ನೀರು ಚಿಮ್ಮುತ್ತ ಚಿಮ್ಮುತ್ತಲೇ ನಿಂತುಬಿಟ್ಟಿತು,
ಬಾಯಿ ತೆರೆದುಕೊಂಡು ಭಾಷಣ ಮರೆತವನ ಹಾಗೆ.
ನಾವು ಅದರ ಮುಂದೆ ಕೊಡ ಹೊತ್ತು ಹಾದುಹೋಗುತ್ತೇವೆ.

ನಾಲ್ವರಲ್ಲಿ ಒಬ್ಬರ ರುಜು, ಅಂದರೆ ನಾನೂರ ಹತ್ತು.
ಗುಡ್ಡ ಹತ್ತಿದೆ, ನಾಯಿಗಳಿಗೆ ಕಲ್ಲು ತೋರಿಸಿದೆ,
ಆಲೂಗಡ್ಡೆ ಮಣ್ಣಿನ ಕೈಗಳನ್ನು ನನ್ನ ಲಂಗದಿಂದ ಒರೆಸಿ
ಒಂದೊಂದೇ ಬೆರಳು ಹಿಡಿದು ಒತ್ತಿಸಿದೆ.
ಮಮಾ ಅಸುಂತಳದು ಮಾತ್ರ ವಾಪಸು ಬಂತು:
ಗುರುತು ಗುರುತಿಗೆ ಹೊಂದುವುದಿಲ್ಲ.
ಎಂಬತ್ತು ವರ್ಷ ಕದಿರು ತಿರುಗಿಸಿದ ಬೆರಳು,
ಗೆರೆಯೆಲ್ಲ ನೂಲಿನ ಜೊತೆ ಹೋಗಿದೆ.
"ಅವನನ್ನು ಕೂರಿಸಿದ್ದೂ ಇದೇ ಕೈ," ಅಂದಳು,
"ಅವತ್ತು ಗೆರೆ ಇತ್ತೇನು?"

ಸಂತೆಯಲ್ಲಿ ಎದುರಾದ. ಟೋಪಿ ತೆಗೆದ.
ಬೈಯಲಿಲ್ಲ.
"ಕಾರಣದ ಜಾಗದಲ್ಲಿ ಏನು ಬರೆದೆ, ಕೊಮಾದ್ರೆ?"
"ಕಾರಂಜಿ."
"ಅಷ್ಟೇನಾ?"
ಅವನ ಮುಖದ ಮೇಲೆ ಒಂದು ನೆಮ್ಮದಿ ಹಾದುಹೋಯಿತು.
ಅದನ್ನು ಕಂಡೆನಲ್ಲ,
ಆಮೇಲೆ ಎಷ್ಟೋ ರಾತ್ರಿ
ಆ ಖಾಲಿ ಸಾಲುಗಳಲ್ಲಿ ಇನ್ನೇನು ಬರೆಯಬಹುದಿತ್ತು ಅಂತ
ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ.

ಮತದ ಚೀಟಿಯಲ್ಲಿ ಎದುರಾಳಿ ಇಲ್ಲ, ಅವನೊಬ್ಬನೇ.
ಹೌದು ಅಂದರೆ ಇಳಿ. ಇಲ್ಲ ಅಂದರೆ ಇರು.
ಅವನನ್ನು ಪ್ರೀತಿಸುವ ಎಷ್ಟು ಮುದುಕರು
ಪ್ರೀತಿಯಿಂದಲೇ ಹೌದು ಅಂದರೋ,
ಒಂಬತ್ತೇ ಮತ.
ಒಂಬತ್ತು ಮತಕ್ಕೆ ಇಳಿದ.
ಗಂಟೆ ಬಾರಿಸಿದರು, ಯಾರೋ ಪಟಾಕಿ ಹಚ್ಚಿದರು,
ನೆಲಿಡ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡಿದಳು.

ಅವನ ಪಟ್ಟಿಯ ಮುಂದಿನವನೇ ಕುರ್ಚಿಗೆ ಬಂದ,
ಎದಿಲ್ಬೆರ್ತೊ, ಕಾರಂಜಿಗೆ ಅಂದು ಕೈಯೆತ್ತಿದವನು.
ಇದೂ ಒಂದು ನಿಯಮವೇ. ಕೊನೆಯ ಪುಟದಲ್ಲಿ,
ಸಣ್ಣ ಅಕ್ಷರದಲ್ಲಿತ್ತು.

ಆಲೂಗಡ್ಡೆ ಅಗೆಯುವ ದಿನ ಬೆಳಿಗ್ಗೆ
ಫೋರ್ತುನಾತೊ ನಮ್ಮ ಹೊಲದ ಬದುವಿನ ಮೇಲೆ ನಿಂತಿದ್ದ,
ತನ್ನದೇ ಗುದ್ದಲಿ ತಂದಿದ್ದ.
ಕೊಂಪಾದ್ರೆಯಾದವನು ಬರಲೇಬೇಕು, ಬಂದ.
ಸಂಜೆವರೆಗೆ ಮಾತಿಲ್ಲ. ಅವನ ಪಾಲು ಅವನ ಚೀಲಕ್ಕೆ ಹಾಕಿದೆ,
ದೊಡ್ಡ ಗಡ್ಡೆಗಳನ್ನೇ ಆರಿಸಿ.
ಈ ಹುದ್ದೆಯಿಂದ ಇಳಿಸುವ ಅರ್ಜಿಯನ್ನು
ಲೀಮಾದಲ್ಲಿ ಮಾರುವುದಿಲ್ಲ.

ಕಟ್ಟಿನಲ್ಲಿ ಆರು ಹಾಳೆ ಉಳಿದಿವೆ, ಪೆಟ್ಟಿಗೆಯಲ್ಲಿಟ್ಟಿದ್ದೇನೆ.
ಎದಿಲ್ಬೆರ್ತೊ ಕಾರಂಜಿಗೆ
ಬಣ್ಣದ ದೀಪ ಹಾಕಿಸುತ್ತಿದ್ದಾನಂತೆ.